ಕೈ ಎತ್ತುವವನು

ಯಶವಂತಪುರ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆಗೂ ಒಂದು ನಂಬರು ಇತ್ತು. ಅದನ್ನು ಯಾರೂ ಕೇಳುತ್ತಿರಲಿಲ್ಲ. ‘ಸಿಗ್ನಲ್ ಮನೆ’ ಅಂದರೆ ಸಾಕು, ಹಾಲಿನವನೂ ಪೋಸ್ಟಿನವನೂ ನೆಟ್ಟಗೆ ನಮ್ಮ ಗೇಟಿಗೇ ಬರುತ್ತಿದ್ದರು. ಗೇಟಿನ ಪಕ್ಕದಲ್ಲಿ ಆಳೆತ್ತರದ ಒಂದು ಕಬ್ಬಿಣದ ಕಂಬ, ಅದರ ತುದಿಗೆ ಕೆಂಪು ಬಳಿದು ಬಿಳಿ ಪಟ್ಟೆ ಎಳೆದ ಮರದ ಕೈ. ರೈಲು ಹಳಿಯ ಪಕ್ಕ ನಿಲ್ಲುವ ಕೈಮರದ ಮರಿ ಅದು. ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಮ್ಮ ಹೋದದ್ದು ಈ ಸಲದ ಮಳೆಗಾಲದಲ್ಲಿ. ಕೈಮರ ಮಾತ್ರ ಹಾಗೇ ಇದೆ. ಅದನ್ನು ನೋಡಿದಾಗಲೆಲ್ಲ ಅಣ್ಣ ಹುಡುಕುತ್ತಿದ್ದ ಆ ಒಂದು ವಸ್ತುವಿನ ನೆನಪಾಗುತ್ತದೆ. ವಸ್ತು ಎಂದರೆ ಅಮ್ಮ ಒಪ್ಪುತ್ತಿರಲಿಲ್ಲ. ಅಮ್ಮನ ಪಾಲಿಗೆ ಅವನೊಬ್ಬ ಮನುಷ್ಯ.

ಅಪ್ಪ ಸ್ಟೇಷನ್ನಿನ ಕ್ಯಾಬಿನ್ನಿನಲ್ಲಿ ಲಿವರ್ ಎಳೆಯುವ ಕೆಲಸದಲ್ಲಿದ್ದರು. ಕ್ಯಾಬಿನ್ ಎಂದರೆ ಹಳಿಗಳ ಪಕ್ಕದ ಎತ್ತರದ ಕೋಣೆ. ಅಲ್ಲಿ ಸಾಲಾಗಿ ನಿಂತ ಲಿವರುಗಳಲ್ಲಿ ಒಂದನ್ನು ಎಳೆದರೆ, ತಂತಿಯ ಆಚೆ ತುದಿಯಲ್ಲಿ, ಎಷ್ಟೋ ದೂರದಲ್ಲಿ, ಕೈಮರದ ಕೈ ಕೆಳಗೆ ಬೀಳುತ್ತಿತ್ತು. ಕೈ ಅಡ್ಡಕ್ಕೆ ನಿಂತಿದ್ದರೆ ಗಾಡಿ ನಿಲ್ಲಬೇಕು. ಕೈ ಬಿದ್ದರೆ ದಾರಿ ಖಾಲಿ ಇದೆ, ಬರಬಹುದು ಎಂದರ್ಥ. ಗಾಡಿ ದಾಟಿದ ಮೇಲೆ ಲಿವರನ್ನು ವಾಪಸು ಹಾಕಿ ಕೈ ಎತ್ತಬೇಕು. ಎತ್ತಲು ಮರೆತರೆ, ಹಿಂದೆ ಬರುವ ಗಾಡಿಯೂ ಅದೇ ಸುದ್ದಿಯನ್ನು ನಂಬಿ ನುಗ್ಗಿ ಬರುತ್ತದೆ.

ಅಣ್ಣನಿಗೆ ಚಿಕ್ಕಂದಿನಿಂದ ಉಬ್ಬಸ. ಬೀದಿಯ ಹುಡುಗರ ಜೊತೆ ಓಡಿದರೆ ಎದೆ ಸುಯ್ ಎನ್ನುತ್ತಿತ್ತು. ಮೆಟ್ಟಿಲ ಮೇಲೆ ಕುಳಿತು ಬೇರೆಯವರ ಆಟ ನೋಡುತ್ತಿದ್ದ ಮಗನಿಗಾಗಿ ಅಪ್ಪ ಈ ಕೈಮರ ಮಾಡಿ ನೆಟ್ಟರು. ಅವತ್ತಿನಿಂದ ಓಡುವ ಹುಡುಗರೆಲ್ಲ ಗಾಡಿಗಳಾದರು, ಕುಳಿತಲ್ಲೇ ಅಣ್ಣ ಸ್ಟೇಷನ್ ಮಾಸ್ತರನಾದ. ಅವನು ಕೈ ಬೀಳಿಸದೆ ಒಬ್ಬನೂ ನಮ್ಮ ಗೇಟು ದಾಟುವ ಹಾಗಿರಲಿಲ್ಲ. ನಾನು ಅವನಿಗಿಂತ ಚಿಕ್ಕವಳು, ಸದಾ ಗೂಡ್ಸ್ ಗಾಡಿ. ಎಲ್ಲರೂ ಹೋದ ಮೇಲೆ ನನ್ನ ಸರದಿ.

ಅದರ ಒಳಗುಟ್ಟು ಸುಲಭದ್ದು. ಮರದ ಕೈಯಿಂದ ಒಂದು ತಂತಿ ಇಳಿದಿತ್ತು. ತಂತಿಯ ತುದಿಗೆ ಬಳೆಯಷ್ಟು ದಪ್ಪದ ಕಬ್ಬಿಣದ ಉಂಗುರ. ಉಂಗುರವನ್ನು ಎಳೆದು ಕಂಬದ ಮೊಳೆಗೆ ಸಿಕ್ಕಿಸಿದರೆ ಕೈ ಬೀಳುತ್ತಿತ್ತು. ಎತ್ತಲು ಏನೂ ಕಷ್ಟವಿಲ್ಲ. ಮೊಳೆಯಿಂದ ಉಂಗುರ ಬಿಡಿಸಿದರೆ ಆಯಿತು, ಕೈಯ ಹಿಂಬದಿಗೆ ಕಟ್ಟಿದ್ದ ಕಲ್ಲು ತನ್ನ ಭಾರಕ್ಕೆ ಇಳಿದು ಕೈಯನ್ನು ತಾನೇ ಎತ್ತಿ ನಿಲ್ಲಿಸುತ್ತಿತ್ತು.

ಹುಡುಗರು ದೊಡ್ಡವರಾಗಿ ಆಟ ನಿಂತಿತು. ಕೈಮರ ನಿಲ್ಲಲಿಲ್ಲ, ಮನೆಯ ಪದ್ಧತಿಯಾಯಿತು. ಬೆಳಗ್ಗೆ ಮೊದಲು ಹೊರಗೆ ಹೋಗುವವರು ಕೈ ಬೀಳಿಸಿ ಹೋಗಬೇಕು. ಸಂಜೆ ಎಲ್ಲರಿಗಿಂತ ಕೊನೆಗೆ ಬಂದವರು ಕೈ ಎತ್ತಿ ಗೇಟು ಹಾಕಬೇಕು. ಅಮ್ಮ ಊಟಕ್ಕೆ ಕೂರುತ್ತಿದ್ದುದು ಆಮೇಲೆಯೇ. “ಕೈ ಎತ್ತಿದ್ರಾ?” ಎಂದು ಅಡುಗೆಮನೆಯಿಂದ ಕೂಗುವರು. “ಎತ್ತಾಯ್ತು” ಎಂದು ಕೇಳಿದರೆ ಮಾತ್ರ ತಮ್ಮ ತಟ್ಟೆ ತೆಗೆಯುವರು.

ಹೀಗಾಗಿ ನಮ್ಮ ಮನೆಯ ಮಾತಿಗೂ ಊರಿನ ಮಾತಿಗೂ ತಾಳೆ ಆಗುತ್ತಿರಲಿಲ್ಲ. ಒಮ್ಮೆ ಅಪ್ಪ ನಮ್ಮಿಬ್ಬರನ್ನು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋಗಿದ್ದರು. ಸರ್ಕಲ್ಲಿನಲ್ಲಿ ದೀಪದ ಸಿಗ್ನಲ್ ಹೊಸದು. ಪಕ್ಕದಲ್ಲಿದ್ದ ಯಾರೋ “ಸಿಗ್ನಲ್ ಬಿತ್ತು, ಸಿಗ್ನಲ್ ಬಿತ್ತು” ಎಂದು ಸೈಕಲ್ ನಿಲ್ಲಿಸಿದರೆ, ಅಪ್ಪ ಅದೇ ಮಾತು ಕೇಳಿ ನಮ್ಮ ಕೈ ಹಿಡಿದು ರಸ್ತೆಗೆ ಇಳಿದೇಬಿಟ್ಟರು. ಪೊಲೀಸಿನವನು ಓಡಿ ಬಂದ.

“ಏನ್ ಯಜಮಾನ್ರೇ, ಸಿಗ್ನಲ್ ಬಿದ್ದಿರೋದು ಕಾಣ್ಸಲ್ವಾ?”

“ಬಿದ್ದಿದೆ ಅಂತ್ಲೇ ಅಲ್ವಾ ಸ್ವಾಮಿ ನಾನ್ ಹೊರಟಿದ್ದು!”

ಅಣ್ಣ ನಕ್ಕೂ ನಕ್ಕೂ ಉಬ್ಬಸ ಬಂದು ಫುಟ್‌ಪಾತಿನ ಮೇಲೆ ಕುಳಿತುಕೊಂಡ. ಅಷ್ಟು ನಗುವುದಕ್ಕೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ.

ಇನ್ನೊಂದು ಮಾತೂ ಹಾಗೆಯೇ. ಹೊರಗಿನವರಿಗೆ ‘ಕೈ ಎತ್ತುವುದು’ ಎಂದರೆ ಇನ್ನು ನಮ್ಮಿಂದ ಆಗದು ಎಂದು ಬಿಟ್ಟುಬಿಡುವುದು. ನಮಗೆ ಅದರಷ್ಟು ನೆಮ್ಮದಿಯ ಮಾತು ಬೇರೆ ಇರಲಿಲ್ಲ. ಎಲ್ಲರೂ ಬಂದರು, ಗೇಟು ಹಾಕಿ, ಊಟಕ್ಕೆ ಬನ್ನಿ.

ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿಯಿತು. ಮುಂಬಾಗಿಲ ಕಿಟಕಿಯ ಹತ್ತಿರ ಮಿಷನ್ನು ಹಾಕಿಕೊಂಡು ಬೀದಿಯವರ ರವಿಕೆ, ಲಂಗ ಹೊಲಿಯುತ್ತಿದ್ದೆ. ಅಣ್ಣ ಎಂಎಸ್ಸಿ ಮುಗಿಸಿ, ಎಪ್ಪತ್ತರ ದಶಕದ ಕೊನೆಯಲ್ಲಿ ಹೆಬ್ಬಾಳದ ಕಡೆ ಒಂದು ಪ್ರಯೋಗಶಾಲೆಗೆ ಸಂಶೋಧನೆಗೆಂದು ಸೇರಿದ. ಬ್ಯಾಕ್ಟೀರಿಯಾಗಳ ಮೇಲೆ ಕೆಲಸ. ಬೀದಿಗೆ ಅದು ‘ಹುಳ ಸಾಕೋ ಕೆಲಸ’ ಎಂದು ಗೊತ್ತಾಯಿತು. ಎದುರುಮನೆಯ ಆಂಟಿ ರವಿಕೆಯ ಅಳತೆ ಕೊಡಲು ಬಂದಾಗಲೆಲ್ಲ ಅಣ್ಣನನ್ನು ಕೆಣಕುವರು.

“ಏನಪ್ಪಾ, ರೇಷ್ಮೆ ಹುಳ ಸಾಕಿದ್ರೆ ಸೀರೆನಾದ್ರೂ ಆಗ್ತಿತ್ತು. ನಿನ್ ಹುಳಕ್ಕೆ ಯಾರ್ ಹೆಣ್ ಕೊಡ್ತಾರೆ?”

“ಸೀರೆ ಬೇಡ ಬಿಡಿ ಆಂಟಿ, ನನ್ ಹುಳಾನೇ ಕೆಂಪಗಿದೆ. ನೇರವಾಗಿ ಕುಂಕುಮಾನೇ ಇಟ್ಬಿಡ್ತೀನಿ.”

ಕೆಂಪಗಿದ್ದುದು ನಿಜ. ಒಂದು ದಿನ ನನ್ನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ ತೋರಿಸಿದ್ದ. ಮುಚ್ಚಳವಿದ್ದ ಗಾಜಿನ ತಟ್ಟೆಯ ತುಂಬ ಯಾರೋ ಕುಂಕುಮ ಚಿಮುಕಿಸಿದ ಹಾಗೆ ಚುಕ್ಕಿಗಳು. ಒಂದೊಂದು ಚುಕ್ಕಿಯಲ್ಲೂ ಲೆಕ್ಕ ಸಿಗದಷ್ಟು ಜೀವಗಳು ಎಂದ. ನಾನು ಮುಟ್ಟಲು ಹೋದರೆ ಕೈಗೆ ಮೆಲ್ಲಗೆ ಏಟು ಕೊಟ್ಟ.

ಅವನು ಹುಡುಕುತ್ತಿದ್ದುದು ಏನೆಂದು ಅಮ್ಮ ಕೇಳಿದ್ದು ಒಂದು ಭಾನುವಾರ ಬೆಳಗ್ಗೆ. ಆ ತಿಂಗಳು ರೇಷನ್ ಸಕ್ಕರೆ ಬಂದಿರಲಿಲ್ಲ. ಅಮ್ಮ ಬೆಲ್ಲದ ಕಾಫಿ ಮಾಡಿಕೊಟ್ಟರು. ಅಣ್ಣ ಲೋಟ ಎತ್ತಿ ತೋರಿಸಿದ.

“ಅಮ್ಮ, ಸಕ್ಕರೆ ಇರೋವರೆಗೂ ನೀನು ಬೆಲ್ಲದ ಡಬ್ಬಿ ಮುಟ್ಟಲ್ಲ, ಅಲ್ವಾ?”

“ಯಾಕ್ ಮುಟ್ಲಿ? ಸಕ್ಕರೆ ಇದ್ದಾಗ ಬೆಲ್ಲದ ಕಾಫಿ ಕೊಟ್ರೆ ನಿಮ್ಮಪ್ಪ ಮುಖ ಊದಿಸ್ಕೋತಾರೆ.”

“ಬ್ಯಾಕ್ಟೀರಿಯಾನೂ ಹಂಗೇ ಕಣಮ್ಮ. ಸಕ್ಕರೆ ಇರೋವರೆಗೂ ಬೇರೇದಕ್ಕೆ ಬಾಯಿ ಹಾಕಲ್ಲ. ಸಕ್ಕರೆ ಮುಗೀತು ಅಂದ್ರೆ ಅದರ ಮೈಯೊಳಗೆ ಒಂದು ಸುದ್ದಿ ಹುಟ್ಟುತ್ತೆ. ‘ಮುಗೀತು, ಬೇರೆ ಡಬ್ಬಿ ತೆಗೀರಿ’ ಅಂತ. ಆ ಸುದ್ದಿ ಒಂದು ಸಣ್ಣ ಉಂಗುರ ಇದ್ದ ಹಾಗೆ. ಉಂಗುರ ಇರೋವರೆಗೂ ಸುದ್ದಿ ಇರುತ್ತೆ.”

“ಮತ್ತೆ ಸಕ್ಕರೆ ಬಂದ್ರೆ?”

“ಅದೇ ನೋಡು ಪ್ರಶ್ನೆ! ಸಕ್ಕರೆ ಬಂದ್ಮೇಲೂ ಹಳೇ ಸುದ್ದಿ ಹಂಗೇ ಉಳಿದ್ರೆ? ರೇಷನ್ ಅಂಗಡೀಲಿ ಸ್ಟಾಕ್ ಮುಗಿದ್ಮೇಲೂ ಬಿಸಿಲಲ್ಲಿ ಸಾಲು ನಿಂತಿರ್ತೀಯಲ್ಲ, ಹಂಗಾಗುತ್ತೆ. ಅದಕ್ಕೇ ಸುದ್ದಿ ಮುಟ್ಟಿದ್ಮೇಲೆ ಅದನ್ನ ಮುರಿಯೋಕೆ ಒಬ್ಬ ಇದಾನೆ. ಏನೂ ದೊಡ್ಡ ಕೆಲಸ ಮಾಡಲ್ಲ ಅವನು. ಉಂಗುರದ ಒಂದು ಕಡೆ ಕೊಂಡಿ ಬಿಡಿಸ್ತಾನೆ, ಅಷ್ಟೆ. ಬಿಚ್ಚಿಕೊಂಡ ಉಂಗುರ ಸುದ್ದಿ ಅಲ್ಲ, ಬರೀ ಚೂರು.”

ಅಪ್ಪ ಪೇಪರಿನಿಂದ ತಲೆ ಎತ್ತಿದರು. “ಅಂದ್ರೆ ನಮ್ ಕೈಮರದ ಉಂಗುರ ಬಿಡ್ಸಿದ ಹಂಗೆ.”

“ಹಂಗೇ ಅಪ್ಪ. ನಾನ್ ಹುಡುಕ್ತಿರೋದು ಕೈ ಎತ್ತೋನನ್ನ.”

ಆ ಕೈ ಎತ್ತುವವನು ಒಂದು ಕಿಣ್ವ ಎಂದ. ನನಗೆ ಆ ಮಾತು ಹೈಸ್ಕೂಲಿನ ಪುಸ್ತಕದಿಂದ ಗೊತ್ತಿತ್ತು. ಎಂಜಲಿನಲ್ಲಿ ಇರುತ್ತದೆ, ಅನ್ನವನ್ನು ಒಡೆಯುತ್ತದೆ ಎಂದು ಬಾಯಿಪಾಠ ಮಾಡಿದ್ದೆ. ಹಾಗೆಂದಾಗ ಅಣ್ಣ, “ಅದು ಅನ್ನ ಒಡಿಯೋ ಕಿಣ್ವ ಕಣೇ, ಇವನು ಸುದ್ದಿ ಒಡಿಯೋ ಕಿಣ್ವ” ಎಂದ. ಅಮ್ಮನ ಕಿವಿಗೆ ಬಿದ್ದದ್ದು ‘ಇವನು’ ಎಂಬುದು ಮಾತ್ರ. ಆಮೇಲೆ ದಿನಾ ಸಂಜೆ ಅವನು ಚಪ್ಪಲಿ ಬಿಡುವಾಗ ಕೇಳುವರು.

“ಸಿಕ್ಕಿದ್ನೇನೋ ಅವನು?”

“ಇಲ್ಲಮ್ಮ. ಗುಂಪಲ್ಲಿ ಬಚ್ಚಿಟ್ಕೊಂಡಿದಾನೆ.”

“ಎಲ್ಲಿ ಹೋಗ್ತಾನೆ, ಸಿಕ್ತಾನೆ ಬಿಡು. ಕಾಲ್ ತೊಳ್ಕೊ ಹೋಗು.”

ಗುಂಪು ಎಂದು ಅವನು ಹೇಳಿದ್ದು ತಮಾಷೆಗಲ್ಲ. ಬ್ಯಾಕ್ಟೀರಿಯಾಗಳನ್ನು ಅರೆದು ತೆಗೆದ ರಸದಲ್ಲಿ ನೂರಾರು ಬಗೆಯ ವಸ್ತುಗಳು ಸೇರಿಕೊಂಡಿರುತ್ತವಂತೆ. ಅದರಲ್ಲಿ ಇವನೊಬ್ಬನನ್ನೇ ಬೇರ್ಪಡಿಸಬೇಕು. ರಸವನ್ನು ಉದ್ದನೆಯ ಗಾಜಿನ ಕೊಳವೆಯೊಳಗೆ ಇಳಿಸಿ, ಕೆಳಗೆ ತೊಟ್ಟಿಕ್ಕುವುದನ್ನು ಒಂದೊಂದೇ ಟ್ಯೂಬಿನಲ್ಲಿ ಹಿಡಿದು, ಪ್ರತಿಯೊಂದರಲ್ಲೂ ಇದ್ದಾನೆಯೇ ಎಂದು ನೋಡಬೇಕು. ಬಿಸಿ ತಾಗಿದರೆ ಅವನು ಸಾಯುತ್ತಾನೆ. ಹಾಗಾಗಿ ಆ ಕೆಲಸವೆಲ್ಲ ಕೊರೆಯುವ ತಣ್ಣನೆ ಕೋಣೆಯೊಳಗೇ ನಡೆಯಬೇಕು. ಉಬ್ಬಸದವನಿಗೆ ಚಳಿ ಆಗದು. ಆದರೂ ಅವನ ಕೆಲಸ ಇದ್ದದ್ದು ಅಲ್ಲಿಯೇ. ಅಪ್ಪ ತಮ್ಮ ಹಳೆಯ ರೈಲ್ವೆ ಕೋಟನ್ನು ಕೊಟ್ಟರು. ಮಂಡಿಯವರೆಗೆ ಬರುವ ಆ ಕರೀ ಕೋಟು ತೊಟ್ಟು ಅವನು ಒಳಗೆ ಹೋದರೆ ಜೊತೆಯವರು “ಗಾರ್ಡ್ ಸಾಹೇಬ್ರು ಬಂದ್ರು, ಸೀಟಿ ಊದ್ರಪ್ಪಾ” ಎನ್ನುತ್ತಿದ್ದರಂತೆ.

ಕೆಲಸ ಅರ್ಧಕ್ಕೆ ಬಿಟ್ಟು ಬರುವ ಹಾಗಿರಲಿಲ್ಲ. ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಾಯಿಸಿ ಮನೆ ಸೇರುವಾಗ ದಿನವೂ ಕತ್ತಲಾಗಿರುತ್ತಿತ್ತು. ಕೈ ಎತ್ತುವುದು ಯಾವಾಗಲೂ ಅವನ ಪಾಲಿಗೇ ಬಂತು. ಅಮ್ಮ ಹಸಿದುಕೊಂಡು ಕಾಯುವುದು ಅವನಿಗೆ ಸಂಕಟ.

“ನೀನ್ ಉಣ್ಣಮ್ಮ, ನಂಗಾಗಿ ಯಾಕ್ ಕಾಯ್ತೀಯ?”

“ಕೈ ಬಿದ್ದಿರೋವಾಗ ಹೆಂಗೋ ಉಣ್ಣೋದು? ಗಂಟ್ಲಲ್ಲಿ ಇಳಿಯಲ್ಲ ನಂಗೆ.”

“ಸರಿ, ಒಂದ್ ಮಾತ್ ಕೊಡ್ತೀನಿ. ಅವನು ಸಿಕ್ಕಿದ ದಿನ ದೀಪ ಹಚ್ಚೋ ಹೊತ್ತಿಗೇ ಬಂದು ನಾನೇ ಕೈ ಎತ್ತುತೀನಿ. ಆಮೇಲೆ ದಿನಾ ಬೇಗ ಬರ್ತೀನಿ.”

ಈ ಮಾತನ್ನು ಅಮ್ಮ ಗಂಟು ಕಟ್ಟಿ ಇಟ್ಟುಕೊಂಡರು.

ಅವನು ದಿನವೂ ನುಂಗುತ್ತಿದ್ದ ಒಂದು ಬಿಳಿ ಮಾತ್ರೆಯ ಕಥೆಯನ್ನು ನನಗೆ ಮಾತ್ರ ಹೇಳಿದ್ದ. ಒಂದು ಸಂಜೆ ನಾನು ಹೊಲಿಯುತ್ತಿದ್ದೆ, ಅವನು ಪಕ್ಕದಲ್ಲಿ ಗೋಡೆಗೆ ಒರಗಿ ಉಸಿರಿಗೆ ಕಾಯುತ್ತಿದ್ದ. ಎದೆ ಸ್ವಲ್ಪ ಹಗುರಾದ ಮೇಲೆ ನಕ್ಕ.

“ತಮಾಷೆ ಗೊತ್ತೇನೇ? ನಮ್ಮ ಮೈಯೊಳಗೂ ಅದೇ ಉಂಗುರ ಇದೆ, ಅದನ್ನ ಬಿಡಿಸೋನೂ ಇದಾನೆ. ಎದೇಲಿ ಆ ಉಂಗುರ ಇದ್ದಷ್ಟು ಹೊತ್ತು ಉಸಿರಿನ ದಾರಿ ತೆರ್ಕೊಂಡಿರುತ್ತೆ. ಈ ಮಾತ್ರೆ ಏನ್ ಮಾಡುತ್ತೆ ಅಂದ್ರೆ, ಬಿಡಿಸೋನ ಕೈ ಹಿಡ್ಕೊಳುತ್ತೆ. ‘ಸ್ವಲ್ಪ ತಡಿ ಗುರು, ಇವನು ಉಸಿರಾಡ್ಲಿ’ ಅಂತ.”

“ಹಂಗಾದ್ರೆ ಇದನ್ನೇ ನಿನ್ ಕೆಂಪು ಹುಳಕ್ಕೂ ಹಾಕೋ.”

“ಹಾಕಿ ನೋಡ್ದೆ. ಅದು ಅಷ್ಟಾಗಿ ಬಗ್ಗಲ್ಲ. ನನ್ ಎದೆ ಬಗ್ಗುತ್ತೆ.” ಗೋಡೆಗೆ ತಲೆ ಆನಿಸಿ ಹೇಳಿದ. “ಹಗಲೆಲ್ಲ ಕೈ ಎತ್ತೋನನ್ನ ಹುಡುಕ್ತೀನಿ. ಮನೆಗ್ ಬಂದು, ದಯವಿಟ್ಟು ಎತ್ತಬೇಡಪ್ಪ ಅಂತ ಮಾತ್ರೆ ನುಂಗ್ತೀನಿ.”

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ಆಗ ಸ್ಟೇಷನ್ನಿನ ಬಯಲಿನಿಂದ ಹೆಬ್ಬಾಳದ ಕೆರೆ ಏರಿಯವರೆಗೆ ಎಲ್ಲಿ ನೋಡಿದರೂ ಪಾರ್ಥೇನಿಯಂ ಗಿಡ. ಅದರ ಬಿಳಿ ಹೂವಿನ ಪುಡಿ ಗಾಳಿಗೆ ಬಂದರೆ ಗಟ್ಟಿ ಎದೆಯವರಿಗೂ ಸೀನು ಬರುತ್ತಿತ್ತು. ಆ ವರ್ಷ ಡಿಸೆಂಬರಿನ ಚಳಿಯೂ ಜೋರು. ಒಂದು ದಿನ ಅಣ್ಣ ಬೆಳಗ್ಗೆ ಬೇಗ ಹೊರಟ. ಕೈ ಬೀಳಿಸುವ ಮೊದಲು ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದ. “ರಜ ಹಾಕೋ” ಎಂದೆ. “ಇವತ್ತು ಟ್ಯೂಬ್ ಹಿಡಿಯೋ ದಿನ ಕಣೇ, ಬಿಡಕ್ಕಾಗಲ್ಲ” ಎಂದು ಉಂಗುರವನ್ನು ಮೊಳೆಗೆ ಸಿಕ್ಕಿಸಿ ಹೋದ.

ಮಧ್ಯಾಹ್ನ ಪ್ರಯೋಗಶಾಲೆಯಿಂದ ಒಬ್ಬರು ಆಟೋದಲ್ಲಿ ಬಂದರು. ಗೇಟಿನ ಹೊರಗಿನಿಂದಲೇ, “ನಿಮ್ಮಣ್ಣ ಬಿದ್ಬಿಟ್ರು, ಬೇಗ ಬನ್ನಿ” ಎಂದರು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವರು, ಬಿದ್ದ ಎಂಬ ಮಾತಿಗೆ, ಮೊದಲು ನೋಡಿದ್ದು ಕೈಮರವನ್ನು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನಾವು ಬೆಂಚಿನ ಮೇಲೆ ಕುಳಿತಿದ್ದೆವು. ಎದುರುಮನೆಯ ಆಂಟಿಯ ಯಜಮಾನರು ನಮ್ಮ ಜೊತೆ ಬಂದಿದ್ದರು. ಒಳಗೆ ಹೋಗಿ ವಿಚಾರಿಸಿಕೊಂಡು ಬಂದ ಅವರು ಅಪ್ಪನ ಹತ್ತಿರ ಬಗ್ಗಿ, ಆದಷ್ಟು ಮೆಲ್ಲಗೆ ಹೇಳಿದರು.

“ಡಾಕ್ಟ್ರು ಕೈ ಎತ್ತಿಬಿಟ್ರು ಸಾರ್.”

ಅಮ್ಮನಿಗೆ ಕೇಳಿಸಿತು. ಎದ್ದು ನಿಂತು, ನಾನು ಅದುವರೆಗೆ ಕೇಳಿರದ ದನಿಯಲ್ಲಿ ಕೂಗಿದರು. “ಯಾರ್ರೀ ಎತ್ತಿದ್ದು? ಯಾರ್ ಎತ್ತು ಅಂದೋರು? ನನ್ ಮಗ ಇನ್ನೂ ಬಂದಿಲ್ಲ!”

ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಿಗೆ ಏನೂ ಅರ್ಥವಾಗಲಿಲ್ಲ. ನಮ್ಮ ಮೂವರಿಗೆ ಮಾತ್ರ ಅರ್ಥವಾಯಿತು. ಅರ್ಥವಾಗುವ ನಾಲ್ಕನೆಯವನು ಒಳಗೆ ಮಲಗಿದ್ದ.

ಕರ್ಮಗಳೆಲ್ಲ ಮುಗಿದವು. ಬಂದವರು ಹೋದರು. ಕೈ ಬಿದ್ದೇ ಇತ್ತು. ಅವನು ಆ ಬೆಳಗ್ಗೆ ಸಿಕ್ಕಿಸಿದ ಉಂಗುರ ಮೊಳೆಯಲ್ಲಿ ಹಾಗೆಯೇ ಉಳಿಯಿತು. ಯಾರಾದರೂ ಗೇಟಿನ ಹತ್ತಿರ ಹೋಗಿ ಆ ಕಡೆ ಕೈ ಚಾಚಿದರೆ ಅಮ್ಮ ಒಳಗಿನಿಂದಲೇ, “ಬರೋರು ಇದಾರೆ” ಎನ್ನುವರು. ತಲೆ ಕೆಟ್ಟಿರಲಿಲ್ಲ. ಮಗ ಸತ್ತದ್ದು ಅಮ್ಮನಿಗೆ ಗೊತ್ತಿತ್ತು. ಗಂಧದ ಹಾರ ಹಾಕಿದ ಫೋಟೋವನ್ನು ದಿನವೂ ಒರೆಸುತ್ತಿದ್ದುದು ಅವರೇ. ಆದರೆ ಕೈ ಬಿದ್ದಿರುವಾಗ ಸಂಜೆಯ ಊಟಕ್ಕೆ ಕೂರುವುದು ಅವರಿಂದ ಆಗಲಿಲ್ಲ. ಬೆಳಗ್ಗೆ ಒಂದು ಹಿಡಿ ಅನ್ನ, ಮಧ್ಯಾಹ್ನ ಕಾಫಿ. ಸಂಜೆ ನಮಗೆ ಬಡಿಸಿ, ತಮ್ಮ ತಟ್ಟೆಯನ್ನು ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಹೋಗಿ ಕೂರುವರು.

ಬಳೆಗಳು ಮೊಳಕೈಯವರೆಗೆ ಜಾರತೊಡಗಿದವು. ನಾನು ಅವರ ರವಿಕೆಗಳನ್ನು ಒಂದಾದಮೇಲೊಂದು ಬಿಚ್ಚಿ ಸಣ್ಣದು ಮಾಡಿ ಹೊಲಿದೆ. ಮತ್ತೆ ಬಿಚ್ಚಿ ಇನ್ನೂ ಸಣ್ಣದು ಮಾಡಿದೆ. ಡಾಕ್ಟರು ಟಾನಿಕ್ಕು ಬರೆದುಕೊಟ್ಟು, “ಹಿಂಗೇ ಬಿಟ್ರೆ ಉಳಿಯಲ್ಲ, ಹೊಟ್ಟೆಗ್ ಹಾಕಿ” ಎಂದರು. ಎದುರುಮನೆಯ ಆಂಟಿ ಬಿಸಿಬೇಳೆಬಾತು ತಂದು ಮುಂದೆ ಹಿಡಿದರು. “ತಿನ್ರೀ, ನನ್ ಮೇಲಾಣೆ” ಎಂದರು. ಅಮ್ಮ ಡಬ್ಬಿ ತೆಗೆದುಕೊಂಡು, “ಕೈ ಎತ್ತಿದ್ಮೇಲೆ ತಿಂತೀನಿ, ಇಟ್ಟಿರಿ” ಎಂದರು.

ಅಪ್ಪ ಆಗಲೇ ನಿವೃತ್ತರಾಗಿದ್ದರು. ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ನಾನು ಹೇಳಿದೆ. “ನೀವೇ ಎತ್ತಿಬಿಡಿ ಅಪ್ಪ. ಎದ್ದು ನೋಡಿ ಒಂದಿನ ಅಳ್ತಾರೆ, ಆಮೇಲೆ ಊಟ ಮಾಡ್ತಾರೆ.”

ಅಪ್ಪ ಕನ್ನಡಕ ತೆಗೆದು ಒರೆಸಿದರು.

“ಎತ್ತೋದು ಕಷ್ಟ ಅಲ್ಲ ಪುಟ್ಟಿ. ಗಾಡಿ ಬರ್ಲಿ ಅಂತ ಒಪ್ಕೊಂಡ್ಮೇಲೆ, ಬರ್ಲಿಲ್ಲ ಅಂತ ಒಂದು ಸ್ಟೇಷನ್ನೋರು ತಾವೇ ಎತ್ತೋ ಹಾಗಿಲ್ಲ. ಆ ಕಡೆಯೋರೂ ಒಪ್ಪಬೇಕು, ಈ ಕಡೆಯೋರೂ ಒಪ್ಪಬೇಕು. ಆಮೇಲೇ ಕ್ಯಾನ್ಸಲ್ಲು.”

“ಇದೇನ್ ರೈಲಾ ಅಪ್ಪ?”

“ನಂಗ್ ಗೊತ್ತಿರೋದು ಅದೊಂದೇ ಅಲ್ವೇನೇ.”

ಅವರಿಗೂ ಎತ್ತಲು ಮನಸ್ಸಿಲ್ಲ ಎಂಬುದು ನನಗೆ ಆಗ ತಿಳಿಯಿತು.

ನನಗೆ ಇತ್ತೇ? ಮಿಷನ್ನಿನ ಮುಂದೆ ಕುಳಿತರೆ ಕಿಟಕಿಯಲ್ಲಿ ಕಾಣುವುದು ಆ ಕೈಯೊಂದೇ. ಸಂಜೆಯ ಬಸ್ಸು ತಿರುವಿನಲ್ಲಿ ಗೇರು ಬದಲಾಯಿಸಿದ ಸದ್ದು ಕೇಳಿದರೆ ಸಾಕು, ಅವನ ಕಾಲಿಗೆ ಬಿಸಿನೀರು ಇಡಬೇಕು ಎಂದು ಏಳುತ್ತಿದ್ದೆ. ಎದ್ದು ನಿಂತ ಮೇಲೆ ನೆನಪಾಗುತ್ತಿತ್ತು. ಬರುವವನು ಇಲ್ಲ ಎಂಬುದು ತಲೆಗೆ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. ಮುರಿಯದೆ ಉಳಿದ ಸುದ್ದಿ ಎಂದು ಅವನು ಹೇಳುತ್ತಿದ್ದುದು ಇದನ್ನೇ ಇರಬೇಕು. ಒಮ್ಮೊಮ್ಮೆ ಅವನ ಮಾತ್ರೆಯ ಮಾತೂ ನೆನಪಾಗುತ್ತಿತ್ತು. ಅಮ್ಮ ಉಸಿರಾಡುತ್ತಿರುವುದು ಆ ಬಿದ್ದ ಕೈಯಿಂದಲೇ ಆಗಿದ್ದರೆ? ಉಂಗುರ ಬಿಡಿಸಿದ ದಿನ ಅವರ ಎದೆಯ ದಾರಿಯೂ ಮುಚ್ಚಿಕೊಂಡರೆ? ಎತ್ತದೆ ಬಿಟ್ಟರೆ ಹಸಿವಿನಿಂದ ಹೋಗುತ್ತಾರೆ. ಎತ್ತಿದರೆ ಏನಾಗುತ್ತದೋ ಗೊತ್ತಿಲ್ಲ. ಇದನ್ನು ಯಾರ ಹತ್ತಿರ ಕೇಳುವುದು? ಗೊತ್ತಿದ್ದವನು ಒಬ್ಬನೇ.

ಚಳಿಗಾಲ ಕಳೆದು, ಬೇಸಿಗೆ ಕಳೆದು, ಮಳೆ ಬಂದು ನಿಂತಿತ್ತು. ಉಂಗುರ ಮೊಳೆಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ಆಗ ಒಂದು ಮಧ್ಯಾಹ್ನ ಅಣ್ಣನಿಗೆ ಸಂಶೋಧನೆಯಲ್ಲಿ ದಾರಿ ತೋರಿಸುತ್ತಿದ್ದ ಮೇಡಂ ನಮ್ಮ ಮನೆಗೆ ಬಂದರು. ನೂಲಿನ ಸೀರೆ, ದಪ್ಪ ಕನ್ನಡಕ. ಚೀಲದಲ್ಲಿ ಅಪ್ಪನ ರೈಲ್ವೆ ಕೋಟು. ತಣ್ಣನೆ ಕೋಣೆಯ ಬಾಗಿಲ ಹಿಂದೆ ಅಷ್ಟು ದಿನವೂ ನೇತಾಡುತ್ತಿತ್ತಂತೆ. ನಾನು ಕೋಟು ಮಡಚಿಡುವ ನೆಪದಲ್ಲಿ ಎರಡೂ ಜೇಬಿಗೆ ಕೈ ಹಾಕಿ ನೋಡಿದೆ. ಏನೂ ಇರಲಿಲ್ಲ.

ಅಮ್ಮ ಕಾಫಿ ತಂದುಕೊಟ್ಟು, ಅಲ್ಲಿಯೇ ನೆಲದ ಮೇಲೆ ಕುಳಿತು ಕೇಳಿದರು.

“ಅವನು ಸಿಕ್ಕಿದ್ನಾ ಮೇಡಂ?”

“ಯಾರಮ್ಮಾ?”

“ಅದೇ, ನನ್ ಮಗ ಹುಡುಕ್ತಿದ್ನಲ್ಲ. ಕೈ ಎತ್ತೋನು.”

ಅಪ್ಪನಿಗೆ ಸಂಕೋಚವಾಯಿತು. “ಸುಮ್ನಿರೇ. ಅದು ಮನುಷ್ಯ ಅಲ್ಲ ಕಣೇ. ಮೇಡಂ, ಇವ್ಳು ಮೊದ್ಲಿಂದಾನೂ ಹಂಗೇ ತಿಳ್ಕೊಂಡಿದಾಳೆ.”

ಮೇಡಂ ಲೋಟ ಕೆಳಗಿಟ್ಟರು. ತೆರೆದ ಬಾಗಿಲಿನಿಂದ ಗೇಟಿನ ಕಡೆ ನೋಡಿದರು. ನೋಡುತ್ತಲೇ ಹೇಳಿದರು.

“ನಿಮ್ ಮಗ ಲ್ಯಾಬಲ್ಲೂ ಹಂಗೇ ಅಂತಿದ್ರು. ‘ಕೈ ಎತ್ತೋನು ಇವತ್ತು ಹೆಂಗಿದಾನೆ’ ಅಂತ ಹೊಸ ಹುಡುಗರನ್ನ ಕೇಳೋರು. ಯಾಕ್ ಹಂಗಂತಾರೋ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಈಗ ನಿಮ್ ಗೇಟ್ ದಾಟ್ಕೊಂಡು ಬಂದೆನಲ್ಲ, ಈಗ ಗೊತ್ತಾಯ್ತು.” ಆಮೇಲೆ ಅಮ್ಮನ ಕಡೆ ತಿರುಗಿದರು. “ಸಿಕ್ಕಿದ ಅಮ್ಮಾ.”

ಸಿಕ್ಕಿತು ಎನ್ನಲಿಲ್ಲ, ಸಿಕ್ಕಿದ ಎಂದರು. ಅದಕ್ಕಾಗಿ ಆ ಹೆಂಗಸನ್ನು ನಾನು ಇಂದಿಗೂ ನೆನೆಯುತ್ತೇನೆ.

“ಅವತ್ತು ಬೆಳಗ್ಗೆ ಇವರು ಹಿಡಿದಿಟ್ಟಿದ್ದ ಟ್ಯೂಬುಗಳು ಫ್ರೀಜರಲ್ಲಿ ಹಂಗೇ ಇದ್ವು. ಯಾರಿಗೂ ಮುಟ್ಟೋಕೆ ಮನಸ್ಸಾಗ್ಲಿಲ್ಲ. ಮೊನ್ನೆ ತೆಗೆದು ನೋಡಿದ್ವಿ. ಒಂದರಲ್ಲಿ ಇದ್ದ. ಇಷ್ಟು ದಿನ ಆಗಿದ್ರಿಂದ ಅರ್ಧ ಶಕ್ತಿ ಹೋಗಿತ್ತು. ಆದ್ರೂ ಉಂಗುರ ಹಾಕಿ ನೋಡಿದ್ರೆ, ಬಿಡಿಸ್ತಿದ್ದ.”

“ಹಂಗಾದ್ರೆ ಅವತ್ತೇ ಸಿಕ್ಕಿದ್ದ” ಎಂದರು ಅಮ್ಮ.

“ಹೂಂ. ಅವತ್ತೇ.”

“ಇವನಿಗ್ ಗೊತ್ತಾಗ್ಲಿಲ್ಲ.”

“ಇಲ್ಲಮ್ಮಾ. ಮಧ್ಯಾಹ್ನದ ಮೇಲೆ ನೋಡೋದು ಅಂತ ಇಟ್ಟಿದ್ರು.”

ಮೇಡಂ ಹೊರಟಾಗ ಅಮ್ಮ ಎದ್ದು ಕುಂಕುಮ ಕೊಟ್ಟರು. ತಟ್ಟೆಯಲ್ಲಿದ್ದ ಆ ಕೆಂಪನ್ನು ನೋಡಿ ಮೇಡಂ ಒಂದು ಕ್ಷಣ ತಡೆದರು, ಆಮೇಲೆ ಇಟ್ಟುಕೊಂಡರು.

ಅವರು ಬೀದಿಯ ತಿರುವು ದಾಟುವವರೆಗೆ ಅಮ್ಮ ಗೇಟಿನಲ್ಲಿಯೇ ನಿಂತಿದ್ದರು. ದೀಪ ಹಚ್ಚುವ ಹೊತ್ತು ಆಗುತ್ತಾ ಬಂದಿತ್ತು. ಸ್ಟೇಷನ್ನಿನ ಕಡೆ ಯಾವುದೋ ಗಾಡಿ ಕೂಗಿತು. ಅಮ್ಮ ಕಂಬದ ಹತ್ತಿರ ಹೋಗಿ ಉಂಗುರವನ್ನು ಹಿಡಿದರು.

“ಏನ್ ಮಾಡ್ತಿದೀಯಮ್ಮ?” ಎಂದೆ.

“ಅವನು ಸಿಕ್ಕಿದ ದಿನ ದೀಪ ಹಚ್ಚೋ ಹೊತ್ತಿಗ್ ಬರ್ತೀನಿ ಅಂದಿದ್ದ. ಸಿಕ್ಕಾಯ್ತಂತೆ. ಕೆಲಸ ಮುಗಿದ್ಮೇಲೆ ಇನ್ನೇನಕ್ಕೆ ಹೊರಗಡೆ ಇರ್ತಾನೆ ಅವನು.”

ಎಳೆದರು. ಉಂಗುರ ಬರಲಿಲ್ಲ. ಬಲವಿಲ್ಲದ ಆ ಕೈಗಳಿಂದ ಮತ್ತೊಮ್ಮೆ ಎಳೆದರು. ಅಪ್ಪ ಜಗಲಿಯಿಂದ ಎದ್ದು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದರು. ಮೊಳೆಯ ಸುತ್ತ ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಕಾದರು. ಆಮೇಲೆ ಅಮ್ಮನ ಮುಖ ನೋಡಿ ಕೇಳಿದರು.

“ಒಪ್ಕೊಂಡ್ಯಾ?”

“ಹೂಂ. ನೀವು?”

ಅಪ್ಪ ತಲೆ ಆಡಿಸಿದರು. ಇಬ್ಬರೂ ಉಂಗುರಕ್ಕೆ ಕೈ ಹಾಕಿದರು. ತುಕ್ಕು ಕಿರ್ ಎಂದು ಬಿಟ್ಟುಕೊಂಡಿತು. ಕಲ್ಲು ಇಳಿಯಿತು. ಕೆಂಪು ಕೈ ಒಮ್ಮೆ ಅದುರಿ, ಮೇಲಕ್ಕೆ ಹೋಗಿ, ಅಡ್ಡಕ್ಕೆ ನಿಂತಿತು. ಉಂಗುರ ತಂತಿಯ ತುದಿಯಲ್ಲಿ ಸ್ವಲ್ಪ ಹೊತ್ತು ತೂಗಾಡುತ್ತಿತ್ತು. ಎದುರುಮನೆಯ ಕಿಟಕಿಯಲ್ಲಿ ಆಂಟಿ ನಿಂತಿದ್ದರು. ಅವರು ಮೆಲ್ಲಗೆ ಕಿಟಕಿ ಮುಂದಕ್ಕೆ ಮಾಡಿಕೊಂಡರು.

ಅಮ್ಮ ಗೇಟು ಹಾಕಿ, ಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ ಬಂದರು. ಗೋಡೆಗೆ ಒರಗಿಸಿದ್ದ ತಮ್ಮ ತಟ್ಟೆಯನ್ನು ತೆಗೆದುಕೊಂಡು ನನ್ನ ಮುಂದೆ ಕುಳಿತರು. ನಾನು ಅನ್ನ ಬಡಿಸಿ ಸಾರು ಬಿಟ್ಟೆ. ಒಂದು ತುತ್ತು ಕಲಸಿ ಬಾಯಿಗಿಟ್ಟರು. ನುಂಗಲು ಹೊತ್ತು ಹಿಡಿಯಿತು. ಇನ್ನೊಂದು ತುತ್ತು ತೆಗೆದುಕೊಂಡರು. ಆಮೇಲೆ ತಲೆ ಎತ್ತಿ, ಎಷ್ಟೋ ತಿಂಗಳ ಹಿಂದಿನ ಅದೇ ಅಮ್ಮನ ಹಾಗೆ ಹೇಳಿದರು.

“ಸಾರಿಗೆ ಉಪ್ಪು ಕಮ್ಮಿ ಆಗಿದೆ ಕಣೇ.”

“ತರ್ತೀನಿ ಇರು” ಎಂದು ನಾನು ಅಡುಗೆಮನೆಗೆ ಹೋದೆ. ಉಪ್ಪಿನ ಡಬ್ಬಿ ಕೈಗೆ ಸಿಗುವಲ್ಲೇ ಇತ್ತು. ಅದನ್ನು ತೆಗೆದುಕೊಂಡು ಹೊರಗೆ ಬರಲು ನನಗೆ ತುಂಬಾ ಹೊತ್ತಾಯಿತು.